ತೀರಿದ ಸಾಲ, ತೀರದ ಸಾಲ: ಆರ್‌ಸಿಯಲ್ಲಿ ಎರಡೂ ಒಂದೇ

ಸಂಪಾದಕರಿಗೆ,

ಮಾನ್ಯರೇ,

ನನ್ನ ತಮ್ಮನ ಮಗ 3.40 ಲಕ್ಷ ರೂಪಾಯಿ ಕೊಟ್ಟು ಕೊಂಡ ಹಳೆಯ ಕಾರನ್ನು, ಕೊಂಡ ಏಳನೆಯ ತಿಂಗಳಲ್ಲಿ, ಹರಿಹರದ ಬಳಿ ಮೂವರು ಅಡ್ಡಗಟ್ಟಿ ನಿಲ್ಲಿಸಿದರು. ಅವರ ಮೊಬೈಲಿನಲ್ಲಿ ವಾಹನಗಳ ಸಂಖ್ಯೆಗಳ ಪಟ್ಟಿಯಿತ್ತು, ಅದರಲ್ಲಿ ಈ ಕಾರಿನ ಸಂಖ್ಯೆಯೂ ಇತ್ತು. ಹಿಂದಿನ ಮಾಲೀಕ ಹಣಕಾಸು ಸಂಸ್ಥೆಯೊಂದಕ್ಕೆ ಹನ್ನೊಂದು ಕಂತು ಕಟ್ಟಿರಲಿಲ್ಲವಂತೆ. ಹುಡುಗ ತಾನು ಪೂರ್ತಿ ಹಣ ಕೊಟ್ಟು ಕೊಂಡಿದ್ದೇನೆಂದು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಹೆಂಡತಿ ಮತ್ತು ಮಗುವನ್ನು ಇಳಿಸಿಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ಬಂದ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ದುಡಿದವನು, ಅದರಲ್ಲಿ ಬಹುಪಾಲು ಸಾಲ ವಿಭಾಗದಲ್ಲಿ. ಆದರೂ ಕಾರು ಕೊಳ್ಳುವಾಗ ಅವನು ನನ್ನನ್ನು ಒಂದು ಮಾತು ಕೇಳಲಿಲ್ಲ ಎಂಬ ಬೇಸರ ನನಗಿದೆ. ಅದನ್ನು ಬದಿಗಿಟ್ಟು, ಇದರಲ್ಲಿ ಅವನೊಬ್ಬನ ತಪ್ಪಿಗಿಂತ ವ್ಯವಸ್ಥೆಯ ದೋಷವೇ ಹೆಚ್ಚೆಂದು ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅವನು ಆರ್‌ಸಿ, ಅಂದರೆ ವಾಹನದ ನೋಂದಣಿ ಪತ್ರ, ನೋಡಿರಲಿಲ್ಲ ಎಂದೇನೂ ಇಲ್ಲ. ಅದರಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು, ಅಂದರೆ ನಮ್ಮ ಜನ ಎಚ್‌ಪಿ ಎಂದು ಕರೆಯುವ ನಮೂದು, ಸ್ಪಷ್ಟವಾಗಿಯೇ ಇತ್ತು. ಕೇಳಿದಾಗ ಮಧ್ಯವರ್ತಿ, "ಸಾಲ ಯಾವತ್ತೋ ಮುಗಿದಿದೆ, ಎಚ್‌ಪಿ ತೆಗೆಸಿಲ್ಲ ಅಷ್ಟೇ, ತಿಂಗಳೊಳಗೆ ಮಾಡಿಸಿಕೊಡುತ್ತೇವೆ" ಎಂದು ಹೇಳಿ, ಮೊಬೈಲಿನಲ್ಲಿ ಸಾಲ ತೀರುವಳಿ ಪತ್ರವೊಂದರ ಚಿತ್ರ ತೋರಿಸಿದ. ಒಡೆತನದ ವರ್ಗಾವಣೆಗೆ ಬೇಕಾದ, ಸಹಿ ಹಾಕಿದ 29 ಮತ್ತು 30ನೆಯ ನಮೂನೆಗಳು ಕೈಗೆ ಬಂದವು, ಹಣ ಮಾರುವವನ ಖಾತೆಗೆ ಹೋಯಿತು. ಪತ್ರವೇನೋ ನಿಜವಾದದ್ದೇ, ಆದರೆ ಅದು ಮೊದಲ ಸಾಲದ್ದು. ಅದು ತೀರಿದ ಮೇಲೆ ಅದೇ ಕಾರಿನ ಆಧಾರದ ಮೇಲೆ ಅದೇ ಸಂಸ್ಥೆಯಿಂದ ಮಾಲೀಕ ಮತ್ತೊಂದು ಸಾಲ ಎತ್ತಿದ್ದ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಕಡೆಯ ರೈತನೊಬ್ಬ ಎರಡು ಎಕರೆ ಕೊಳ್ಳಬೇಕಾದರೆ ಪಹಣಿಯ 11ನೆಯ ಕಾಲಂ ನೋಡದೆ ಮುಂಗಡ ಕೊಡುವುದಿಲ್ಲ. ಅಲ್ಲಿ ಸಹಕಾರ ಸಂಘದ್ದೋ ಬ್ಯಾಂಕಿನದ್ದೋ ಹೆಸರು ಕಂಡರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ, ಋಣಭಾರ ಪತ್ರ ಕೈಗೆ ಬರುವವರೆಗೆ ನೋಂದಣಿ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಅಷ್ಟು ಎಚ್ಚರದ ಮನೆತನದ ಹುಡುಗನೇ ಕಾರಿನ ಆರ್‌ಸಿಯಲ್ಲಿ ಅದೇ ಅರ್ಥದ ನಮೂದನ್ನು ಕಂಡೂ ಏಕೆ ಹಣ ಕೊಟ್ಟ? ಕಾರಣ ಸರಳವಾಗಿದೆ: ಮಧ್ಯವರ್ತಿ ಹೇಳಿದ ಮಾತು ಹಲವು ಸಲ ನಿಜವೂ ಆಗಿರುತ್ತದೆ. ಸಾಲ ತೀರಿದರೂ ಎಚ್‌ಪಿ ಹಾಗೆಯೇ ಉಳಿದಿರುವ ಕಾರುಗಳು, ಸ್ಕೂಟರುಗಳು ನಮ್ಮ ರಸ್ತೆಗಳಲ್ಲಿ ಧಾರಾಳವಾಗಿ ಓಡಾಡುತ್ತಿವೆ. ಕೊನೆಯ ಕಂತು ಕಟ್ಟಿದ ಗ್ರಾಹಕನಿಗೆ ಬ್ಯಾಂಕಿನಲ್ಲಿ ನಾವೇ ನಿರಾಕ್ಷೇಪಣಾ ಪತ್ರವನ್ನೂ (ಎನ್‌ಒಸಿ), ಸಾಲದ ಕರಾರು ಮುಗಿದಿದೆ ಎಂದು ತಿಳಿಸುವ 35ನೆಯ ನಮೂನೆಯ ಎರಡು ಪ್ರತಿಗಳನ್ನೂ ಕೊಟ್ಟು, "ಆರ್‌ಟಿಒಗೆ ಹೋಗಿ ಎಚ್‌ಪಿ ತೆಗೆಸಿಕೊಳ್ಳಿ" ಎಂದು ಹೇಳಿ ಕಳುಹಿಸುತ್ತಿದ್ದೆವು. ಆತ ಅದನ್ನು ಬೀರುವಿನಲ್ಲಿಟ್ಟು ಮರೆಯುತ್ತಿದ್ದ. ಮೂರ್ನಾಲ್ಕು ವರ್ಷಗಳ ನಂತರ ಕಾರು ಮಾರುವಾಗ ಆ ಪತ್ರ ಹಳೆಯದಾಯಿತೆಂದು ಹೊಸದನ್ನು ಕೇಳಿಕೊಂಡು ಬಂದವರನ್ನು ನಾನೇ ಎಷ್ಟೋ ಮಂದಿಯನ್ನು ನೋಡಿದ್ದೇನೆ. ಹೀಗೆ ತೀರಿದ ಸಾಲದ ಎಚ್‌ಪಿಯೂ ತೀರದ ಸಾಲದ ಎಚ್‌ಪಿಯೂ ಒಂದೇ ರೀತಿ ಕಾಣುವುದರಿಂದ ಆ ನಮೂದಿಗೆ ಇರಬೇಕಾದ ಬೆಲೆಯೇ ಹೋಗಿದೆ.

ಕಾನೂನಿನ ದೃಷ್ಟಿಯಲ್ಲಿ ಆ ನಮೂದು ಹಗುರವಾದದ್ದಲ್ಲ. ಮೋಟಾರು ವಾಹನ ಕಾಯ್ದೆ 1988ರ 51ನೆಯ ಸೆಕ್ಷನ್ ಪ್ರಕಾರ, ಬಾಡಿಗೆ-ಖರೀದಿ (ಕಂತೆಲ್ಲ ತೀರಿದ ಮೇಲಷ್ಟೇ ಒಡೆತನ ಸಿಗುವ ಖರೀದಿ), ಗುತ್ತಿಗೆ ಅಥವಾ ಆಧಾರ ಸಾಲದ ಕರಾರಿಗೆ ಒಳಪಟ್ಟ ವಾಹನದ ಒಡೆತನದ ವರ್ಗಾವಣೆಯನ್ನು, ಆರ್‌ಸಿಯಲ್ಲಿ ಹೆಸರಿರುವ ಸಾಲದಾತನ ಲಿಖಿತ ಒಪ್ಪಿಗೆಯಿಲ್ಲದೆ ದಾಖಲಿಸುವಂತಿಲ್ಲ. ಕಂತು ತಪ್ಪಿದ್ದರಿಂದ ಸಾಲದಾತ ವಾಹನವನ್ನು ವಶಕ್ಕೆ ತೆಗೆದುಕೊಂಡರೆ, ತನ್ನ ಹೆಸರಿಗೇ ಹೊಸ ಆರ್‌ಸಿ ಪಡೆಯುವುದಕ್ಕೂ ಅದೇ ಸೆಕ್ಷನ್ ಅವಕಾಶ ಕೊಡುತ್ತದೆ. ಇತ್ತ ಸರಕು ಮಾರಾಟ ಕಾಯ್ದೆ 1930ರ ಸಾಮಾನ್ಯ ನಿಯಮದಂತೆ, ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ಅದೇ ಕಾಯ್ದೆಯ 14ನೆಯ ಸೆಕ್ಷನ್, ಮಾರುವ ಸರಕಿನ ಮೇಲೆ ತಿಳಿಸದೇ ಇರುವ ಯಾವ ಋಣವೂ ಇಲ್ಲವೆಂಬ ಭರವಸೆ ಪ್ರತಿಯೊಂದು ಮಾರಾಟದಲ್ಲೂ ಅಡಗಿದೆ ಎನ್ನುತ್ತದೆ. ಆದ್ದರಿಂದ ಮೋಸಹೋದವನು ಮಾರಿದವನ ಮೇಲೆ ದಾವೆ ಹೂಡಬಹುದು, ವಂಚನೆಯ ದೂರನ್ನೂ ಕೊಡಬಹುದು. ಆದರೆ ಅವನ ಜಗಳ ಮಾರಿದವನ ಜೊತೆಗೆ, ಕಾರು ಇರುವುದು ಸಾಲದಾತನ ಅಂಗಳದಲ್ಲಿ.

ಇಂಗ್ಲೆಂಡಿನಲ್ಲಿ 1964ರಷ್ಟು ಹಿಂದೆಯೇ ಬಂದ ಬಾಡಿಗೆ-ಖರೀದಿ ಕಾಯ್ದೆಯು, ಬಾಕಿಯ ಸಂಗತಿ ತಿಳಿಯದೆ ಪ್ರಾಮಾಣಿಕವಾಗಿ ಕೊಂಡ ಖಾಸಗಿ ಖರೀದಿದಾರನಿಗೆ ಆ ವಾಹನದ ಒಡೆತನವನ್ನೇ ಉಳಿಸಿಕೊಡುತ್ತದೆ. ನಷ್ಟವನ್ನು ಸಾಲದಾತ ಮೊದಲ ಸಾಲಗಾರನಿಂದ ವಸೂಲು ಮಾಡಿಕೊಳ್ಳಬೇಕು. ನಮ್ಮಲ್ಲಿ 1972ರಲ್ಲಿ ಬಾಡಿಗೆ-ಖರೀದಿ ಕಾಯ್ದೆಯೊಂದು ಸಂಸತ್ತಿನಲ್ಲಿ ಅಂಗೀಕಾರವಾಗಿ, ಜಾರಿಗೇ ಬರದೆ, 2005ರಲ್ಲಿ ರದ್ದಾಯಿತು. ಇಂಗ್ಲೆಂಡಿನ ಆ ರಕ್ಷಣೆಯನ್ನು ಇಲ್ಲಿಗೂ ತನ್ನಿ ಎಂದು ನಾನು ಕೇಳುತ್ತಿಲ್ಲ. ಆರ್‌ಸಿಯ ಮೇಲೆಯೇ ಸಾಲದ ನಮೂದು ಇರುವ ನಮ್ಮ ಪದ್ಧತಿಯಲ್ಲಿ "ನನಗೆ ತಿಳಿದಿರಲಿಲ್ಲ" ಎನ್ನುವುದು ಅಷ್ಟು ಸುಲಭವಲ್ಲ. ನಮ್ಮದು ಒಂದು ರೀತಿಯಲ್ಲಿ ಅದಕ್ಕಿಂತ ಒಳ್ಳೆಯ ಪದ್ಧತಿಯೇ. ಆದರೆ ಆ ನಮೂದು ನಿಜ ಹೇಳಿದರೆ ಮಾತ್ರ.

ಕಾರು ಹೋದ ಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಠಾಣೆಯಲ್ಲಿ ಇದು ಸಿವಿಲ್ ವ್ಯಾಜ್ಯ ಎಂದರು. ಸಂಸ್ಥೆಯ ಶಾಖೆಗೆ ಹೋದರೆ, ಬಾಕಿ ಎಷ್ಟಿದೆ ಎಂಬುದನ್ನೇ ಹೇಳಲು ಒಪ್ಪಲಿಲ್ಲ. "ನೀವು ನಮ್ಮ ಗ್ರಾಹಕರಲ್ಲ" ಎಂಬುದು ಅವರ ಉತ್ತರ. ಗ್ರಾಹಕರ ಲೆಕ್ಕದ ಗೋಪ್ಯ ಕಾಯಬೇಕೆಂಬುದನ್ನು ಜೀವನವಿಡೀ ಪಾಲಿಸಿದವನು ನಾನು, ಆದ್ದರಿಂದ ಆ ಉತ್ತರವನ್ನು ತಪ್ಪೆನ್ನಲಾರೆ. ಆದರೆ ಅದರ ಪರಿಣಾಮ ನೋಡಿ: ಹರಾಜಿಗೆ ಮುಂಚಿನ ನೋಟಿಸು ಹೋಗುವುದು ಕಾರು ಕೈಬಿಟ್ಟು ನಿಶ್ಚಿಂತನಾಗಿರುವ ಸಾಲಗಾರನ ವಿಳಾಸಕ್ಕೆ, ಹಣ ಕಳೆದುಕೊಂಡವನಿಗೆ ಕಾಗದದ ಒಂದು ತುಂಡೂ ಬರುವುದಿಲ್ಲ. ವಶಪಡಿಸಿಕೊಂಡ ರೀತಿಯ ಬಗ್ಗೆ ನಮಗೆ ತಕರಾರಿತ್ತು. ಸಾಲ ವಸೂಲಿಗೆ ಬಲಪ್ರಯೋಗ ಮಾಡುವವರನ್ನು ಕಳುಹಿಸುವುದನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಕಟುವಾಗಿ ಖಂಡಿಸಿದೆ. ಆದರೆ ಹೆದ್ದಾರಿಯ ಬದಿಯಲ್ಲಿ ಮಗುವನ್ನು ಎತ್ತಿಕೊಂಡು ನಿಂತವನು ತೀರ್ಪನ್ನು ಯಾರಿಗೆ ಓದಿ ಹೇಳಬೇಕು?

ಕೊನೆಗೆ ಊರಿನ ಹಿರಿಯರಿಬ್ಬರು ಮಾರಿದವನ ತಂದೆಯನ್ನು ಹಿಡಿದು, ಅವರ ಮೂಲಕ ಬಾಕಿಯ ಲೆಕ್ಕ ತರಿಸಿದರು. ಬಡ್ಡಿ, ದಂಡ, ವಶಪಡಿಸಿಕೊಂಡ ಖರ್ಚು ಸೇರಿ 1.86 ಲಕ್ಷ ರೂಪಾಯಿ. ಹುಡುಗ ಅದನ್ನು ಮಾರಿದವನ ಸಾಲದ ಖಾತೆಗೆ ತಾನೇ ಕಟ್ಟಿ ಕಾರು ಬಿಡಿಸಿಕೊಂಡ. ಅಂದರೆ ಒಂದೇ ಕಾರಿಗೆ 5.26 ಲಕ್ಷ ರೂಪಾಯಿ ಬಿತ್ತು; ಆ ಬೆಲೆಗೆ ಇನ್ನೂ ಒಳ್ಳೆಯ ಕಾರು ಬರುತ್ತಿತ್ತು ಎಂದು ಅವನ ಹೆಂಡತಿ ಈಗಲೂ ಹೇಳುತ್ತಾಳೆ.

ಸಾಲದಲ್ಲಿರುವ ಕಾರನ್ನು ಕೊಳ್ಳಲೇಬಾರದು ಎಂಬುದು ನನ್ನ ಅಭಿಪ್ರಾಯವಲ್ಲ. ಕಂತು ಕಟ್ಟಲಾಗದೆ ಮಾರುವವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ. ಕೊಳ್ಳುವವನು ಮಾರುವವನನ್ನು ಕರೆದುಕೊಂಡು ಸಾಲ ಕೊಟ್ಟ ಶಾಖೆಗೇ ಹೋಗಿ, ಸಾಲ ಪೂರ್ತಿ ತೀರಿಸಲು ಇಂದಿನ ದಿನಾಂಕಕ್ಕೆ ಎಷ್ಟು ಬೇಕೆಂಬ ಲೆಕ್ಕವನ್ನು ಬರವಣಿಗೆಯಲ್ಲಿ ಪಡೆದು, ಅಷ್ಟನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿ, ಉಳಿದ ಹಣವನ್ನು 35ನೆಯ ನಮೂನೆ ಕೈಗೆ ಬಂದ ಮೇಲೆ ಮಾರುವವನಿಗೆ ಕೊಟ್ಟರೆ ಬಹಳಷ್ಟು ಅಪಾಯ ತಪ್ಪುತ್ತದೆ. ಬಹಳಷ್ಟು ಎಂದೆ, ಪೂರ್ತಿ ಎನ್ನಲಿಲ್ಲ; ಏಕೆಂದರೆ ಸಾಲದ ಕರಾರುಗಳಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಷರತ್ತು ಇರುವುದುಂಟು. ಮಾರುವವನು ಅದೇ ಸಂಸ್ಥೆಯಲ್ಲಿ ಬೇರೆ ಸಾಲ ಮಾಡಿದ್ದರೆ, ಅಥವಾ ಇನ್ನೊಬ್ಬನ ಸಾಲಕ್ಕೆ ಜಾಮೀನು ನಿಂತಿದ್ದರೆ, ಅದು ತೀರುವವರೆಗೆ ಕಾರಿನ ನಿರಾಕ್ಷೇಪಣಾ ಪತ್ರವನ್ನು ತಡೆಹಿಡಿಯಬಹುದು ಎಂಬ ಷರತ್ತು ಅದು. ಹಣ ಕಟ್ಟುವ ಮೊದಲೇ, ಕಟ್ಟಿದ ಮೇಲೆ ಪತ್ರ ಕೊಡಲು ಬೇರೆ ಅಡ್ಡಿ ಇಲ್ಲವೆಂದು ಶಾಖೆಯಿಂದ ಬರೆಸಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಆರ್‌ಸಿ ಕಾರ್ಡಿನಲ್ಲಿ ಎಚ್‌ಪಿ ಇಲ್ಲವೆಂದು ಸಮಾಧಾನ ಪಡುವಂತಿಲ್ಲ, ಕಾರ್ಡು ಅಚ್ಚಾದ ಮೇಲೆ ಎತ್ತಿದ ಸಾಲ ಅದರಲ್ಲಿ ಕಾಣುವುದಿಲ್ಲ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಇಂದಿನ ದಾಖಲೆ ಏನಿದೆ ಎಂಬುದನ್ನೇ ನೋಡಬೇಕು.

ಮಾರುವವರಿಗೂ ಒಂದು ಮಾತು. ಎಚ್‌ಪಿ ಇರುವಷ್ಟು ದಿನ ಸಾಲದಾತನ ಒಪ್ಪಿಗೆಯಿಲ್ಲದೆ ಆರ್‌ಸಿ ವರ್ಗಾವಣೆ ಆಗದಿರುವುದರಿಂದ ದಾಖಲೆಯಲ್ಲಿ ಮಾಲೀಕರು ನೀವೇ. ಕಾರು ಮಾರಿ ಕೈತೊಳೆದುಕೊಂಡರೂ, ಅಪಘಾತವಾದಾಗ ನೋಂದಾಯಿತ ಮಾಲೀಕನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಕಾರು ಹಲವು ಕೈ ಬದಲಾಗಿತ್ತು.

ಹಳೆಯ ವಾಹನಗಳ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂದೂ, ವಾಹನ ಅವರ ಕೈಗೆ ಬಂದೊಡನೆ ಅದನ್ನು ದಾಖಲಿಸಬೇಕೆಂದೂ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ನಿಯಮ ಮಾಡಿ, 2023ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಒಳ್ಳೆಯ ನಿಯಮವೇ. ಆದರೆ ನಮ್ಮ ಊರುಗಳಲ್ಲಿ ಹೆಚ್ಚಿನ ವ್ಯಾಪಾರ ನಡೆಯುವುದು ಅಂಗಡಿಯೇ ಇಲ್ಲದ, ಎರಡು ಕಡೆಯಿಂದಲೂ ಕಮಿಷನ್ ಪಡೆದು ಮಾಯವಾಗುವ ಮಧ್ಯವರ್ತಿಗಳ ಮೂಲಕ. ಕಾರು ತನ್ನ ಕೈಗೇ ಬಂದಿರಲಿಲ್ಲ, ಪರಿಚಯ ಮಾಡಿಸಿದೆ ಅಷ್ಟೇ ಎಂದು ನಮ್ಮ ಮಧ್ಯವರ್ತಿಯೂ ಹೇಳಿದ.

ನನ್ನ ಬೇಡಿಕೆ ಇರುವುದು ಬೇರೆ ಕಡೆ. ಸಾಲ ತೀರಿದ 30 ದಿನಗಳೊಳಗೆ ಸಾಲದಾತರು ಆಸ್ತಿಯ ಮೂಲ ದಾಖಲೆಗಳನ್ನು ಹಿಂದಿರುಗಿಸಿ, ನೋಂದಾಯಿತ ಋಣಭಾರವನ್ನು ತೆಗೆಸಬೇಕು, ತಮ್ಮಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ನಿರ್ದೇಶನ ನೀಡಿತು. ಅದರಲ್ಲಿ ಸ್ಥಿರಾಸ್ತಿಯ ಜೊತೆಗೆ ಚರಾಸ್ತಿಯ ಮಾತೂ ಇದೆ. ಹಾಗಿದ್ದ ಮೇಲೆ ವಾಹನದ ವಿಷಯದಲ್ಲಿ ಮಾತ್ರ ಗ್ರಾಹಕನ ಕೈಗೆ ಕಾಗದ ಕೊಟ್ಟು ಆರ್‌ಟಿಒಗೆ ಅಟ್ಟುವುದು ಏಕೆ ಮುಂದುವರಿಯಬೇಕು? ಸಾಲ ಕೊಟ್ಟ ದಿನ ಎಚ್‌ಪಿ ಹಾಕಿಸುವುದರಲ್ಲಿ ಸಂಸ್ಥೆಗಳು ಒಂದು ವಾರವೂ ತಡಮಾಡುವುದಿಲ್ಲ. ತೀರಿದ ದಿನ ಅದನ್ನು ತೆಗೆಸುವ ಹೊಣೆಯನ್ನೂ ಅವರೇ ಹೊರಲಿ, ಸಾಲಗಾರ ಅರ್ಜಿ ಹಾಕದೆಯೇ, ಅವನ ಸಹಿಗೆ ಕಾಯದೆಯೇ, ಕಂಪ್ಯೂಟರಿನಲ್ಲೇ ಅದು ಮುಗಿಯಲಿ. ಮತ್ತೆ ಸಾಲ ಕೊಟ್ಟರೆ ಹೊಸ ದಿನಾಂಕದೊಡನೆ ಹೊಸ ನಮೂದು ಹಾಕಲಿ. ಜೊತೆಗೆ, ನೋಂದಾಯಿತ ಮಾಲೀಕನ ಮೊಬೈಲಿಗೆ ಬರುವ ಒಟಿಪಿಯ ಒಪ್ಪಿಗೆಯ ಮೇಲೆ, ಕೊಳ್ಳುವವನಿಗೆ ಬಾಕಿಯ ಮೊತ್ತ ಕಾಣುವ ಸೌಲಭ್ಯವನ್ನು ಸಾರಿಗೆ ಇಲಾಖೆ ಒದಗಿಸಲಿ. ಗೋಪ್ಯವೂ ಉಳಿಯುತ್ತದೆ, ಒಪ್ಪಿಗೆ ಕೊಡಲು ಹಿಂಜರಿಯುವವನ ಕಾರನ್ನು ಬಿಟ್ಟು ಮುಂದೆ ಹೋಗುವುದಕ್ಕೂ ಅನುಕೂಲವಾಗುತ್ತದೆ. ಆಗ ಯಾವುದೇ ವಾಹನದ ಮೇಲೆ ಎಚ್‌ಪಿ ಕಂಡರೆ ಅದರ ಅರ್ಥ ಒಂದೇ ಆಗುತ್ತದೆ, ಮಧ್ಯವರ್ತಿಯ ಆ ಮಾಮೂಲಿ ಮಾತು ಯಾರ ಬಳಿಯೂ ನಡೆಯುವುದಿಲ್ಲ.

ನಮ್ಮ ಹುಡುಗನ ಕಾರಿನ ಸಾಲ ಈಗ ಒಂದು ರೂಪಾಯಿಯೂ ಉಳಿಯದಂತೆ ತೀರಿದೆ. ಆದರೆ ಸಂಸ್ಥೆ ನಿರಾಕ್ಷೇಪಣಾ ಪತ್ರವನ್ನು ಕಳುಹಿಸಿದ್ದು ಸಾಲಗಾರನ ವಿಳಾಸಕ್ಕೆ, 35ನೆಯ ನಮೂನೆಗೆ ಬೇಕಾದದ್ದು ಆ ಸಾಲಗಾರನ ಸಹಿ, ಆತನ ಮೊಬೈಲು ಸ್ವಿಚ್ ಆಫ್ ಆಗಿ ಎರಡು ತಿಂಗಳಾಯಿತು. ಹೀಗಾಗಿ ಆರ್‌ಸಿಯಲ್ಲಿ ಎಚ್‌ಪಿ ಈಗಲೂ ಇದೆ. ಯಾರಾದರೂ ಕೇಳಿದರೆ, "ಸಾಲ ಯಾವತ್ತೋ ಮುಗಿದಿದೆ, ಎಚ್‌ಪಿ ತೆಗೆಸಿಲ್ಲ ಅಷ್ಟೇ" ಎಂದು ಈಗ ಅವನೇ ಹೇಳಬೇಕಾಗಿದೆ.

ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ