ಮಗಳಿಗೊಂದು ಪತ್ರ: ರಾತ್ರಿ ಹನ್ನೊಂದೂವರೆಯ ಊಟ

ಉಡುಪಿ

ಮಗಾ,

ಅನ್ನ ಬಿಟ್ಟು ಎರಡು ತಿಂಗಳಾಯಿತು, ತೂಕ ಮಾತ್ರ ಇಳಿಯುತ್ತಿಲ್ಲ ಅಂದೆಯಲ್ಲ. ಅನ್ನವನ್ನು ದೂರಬೇಡ, ಹೊತ್ತು ನೋಡು. ಮಧ್ಯಾಹ್ನ 2ಕ್ಕೆ ಕೆಲಸಕ್ಕೆ ಹತ್ತಿ, ರಾತ್ರಿ 11ಕ್ಕೆ ಬಿಟ್ಟು, 11.30ಕ್ಕೆ ಪರೋಟ ತಿಂದು, 1.30ಕ್ಕೆ ಮಲಗುತ್ತಿ. ಎದ್ದ ಮೇಲೆ ಬರೀ ಚಾ. ಹಾಗಾದರೆ ದಿನದ ದೊಡ್ಡ ಊಟ ಹೊಟ್ಟೆಗೆ ಬೀಳುವುದು ದೇಹ ಅಂಗಡಿ ಮುಚ್ಚುವ ಹೊತ್ತಿಗೆ.

ಮಿದುಳಿನ ಹೈಪೋಥಲಾಮಸ್‌ನಲ್ಲಿರುವ ಪುಟ್ಟ ನರಕೋಶಗಳ ಗುಂಪೊಂದು ಕಣ್ಣಿಗೆ ಬೀಳುವ ಬೆಳಕಿನಿಂದ ಹಗಲು-ರಾತ್ರಿ ತಿಳಿಯುತ್ತದೆ. ಯಕೃತ್ತಿಗೂ ಮೇದೋಜೀರಕ ಗ್ರಂಥಿಗೂ ತಮ್ಮದೇ ಗಡಿಯಾರವಿದೆ, ಅವು ಹೆಚ್ಚಾಗಿ ಊಟದ ಹೊತ್ತನ್ನು ಅನುಸರಿಸುತ್ತವೆ. ಬೆಳಕು ಒಂದು ಹೇಳಿ ಊಟ ಇನ್ನೊಂದು ಹೇಳಿದರೆ ಮಿದುಳಿನ ಗಡಿಯಾರಕ್ಕೂ ಈ ಅಂಗಗಳ ಗಡಿಯಾರಕ್ಕೂ ತಾಳ ತಪ್ಪುತ್ತದೆ. ರಾತ್ರಿ ನಿದ್ದೆಗೆ ಸಿದ್ಧಗೊಳಿಸುವ ಮೆಲಟೋನಿನ್ ಹಾರ್ಮೋನ್ ಏರಿದಾಗ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಸ್ರವಿಸುವುದು ತಗ್ಗುತ್ತದೆ. ಹಾಗಾಗಿ ಬೆಳಿಗ್ಗೆ ಸಲೀಸಾಗಿ ಕರಗುವ ಅದೇ ಊಟ ರಾತ್ರಿ ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ.

2022ರಲ್ಲಿ ಬೋಸ್ಟನ್‌ನ ಸಂಶೋಧಕರು ತೂಕ ಹೆಚ್ಚಿದ್ದ 16 ಜನರಿಗೆ ಅದೇ ಊಟವನ್ನು, ಅಷ್ಟೇ ಅಳತೆಯಲ್ಲಿ, ಸುಮಾರು 4 ಗಂಟೆ ತಡವಾಗಿ ಕೊಟ್ಟು ನೋಡಿದರು. ಹಸಿವು ಹೆಚ್ಚಾಯಿತು, ಎಚ್ಚರವಿರುವಾಗ ಸುಡುವ ಶಕ್ತಿ ಕಡಿಮೆಯಾಯಿತು. ಜನ ಕಡಿಮೆ, ನಿಜ, ಆದರೆ ತಿಂದದ್ದನ್ನೆಲ್ಲ ಲೆಕ್ಕವಿಟ್ಟ ಪ್ರಯೋಗ ಅದು. ನಿದ್ದೆಗೆಟ್ಟರಂತೂ ಹೊಟ್ಟೆ ತುಂಬಿತೆನ್ನುವ ಲೆಪ್ಟಿನ್ ಹಾರ್ಮೋನ್ ಇಳಿದು, ಹಸಿವೆನ್ನುವ ಗ್ರೆಲಿನ್ ಹಾರ್ಮೋನ್ ಏರುತ್ತದೆ. ರಾತ್ರಿ ಗೋಳಿಬಜೆ ಬೇಕೆನಿಸುವುದು ನಿನ್ನ ಮನಸ್ಸಿನ ದೌರ್ಬಲ್ಯವಲ್ಲ, ಮಗಾ.

ಕೆಲಸದ ಹೊತ್ತು ಬದಲಿಸಲು ನಿನ್ನ ಕೈಯಲ್ಲಿಲ್ಲ. ಊಟದ ಹೊತ್ತು ಬದಲಿಸಬಹುದು. 9.30ಕ್ಕೆ ಎದ್ದ ಮೇಲೆ ಒಂದು ಗಂಟೆಯೊಳಗೆ ಎರಡು ಮೊಟ್ಟೆಯೋ ಹೆಸರುಕಾಳಿನ ಉಸ್ಲಿಯೋ ಇಟ್ಟುಕೊಂಡು ಮೂರು ನೀರುದೋಸೆ ತಿನ್ನು. 1 ಗಂಟೆಗೆ ಸರಿಯಾದ ಊಟ, ಅದೇ ದಿನದ ದೊಡ್ಡದು. 7 ಗಂಟೆಯ ಬಿಡುವಿನಲ್ಲಿ ಡಬ್ಬ ಬಿಚ್ಚು: ಒಂದು ಕಪ್ ಕುಚ್ಚಲಕ್ಕಿ ಅನ್ನ, ಒಂದು ಕಪ್ ಗಸಿ, ತೊಂಡೆಕಾಯಿ ಪಲ್ಯ ಅಥವಾ ಒಂದು ಬಂಗುಡೆ. 11ರ ನಂತರ ಹಸಿದರೆ ಒಂದು ಲೋಟ ಮಜ್ಜಿಗೆ, ಬೇಕಿದ್ದರೆ ಒಂದು ಬಾಳೆಹಣ್ಣು. ಅಷ್ಟೇ.

ಮೊದಲ ಒಂದು ವಾರ ರಾತ್ರಿ ಹೊಟ್ಟೆ ಕೇಳಿಯೇ ಕೇಳುತ್ತದೆ, ಯಾಕೆಂದರೆ ರೂಢಿಯಾದ ಊಟದ ಹೊತ್ತಿಗೆ ಗ್ರೆಲಿನ್ ತಾನಾಗಿಯೇ ಏರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಅಲ್ಲದೆ 7 ಗಂಟೆಗೆ ಬಿಸ್ಕತ್ತಿನಲ್ಲಿ ಮುಗಿಸಿದವರಿಗೆ 11.30ಕ್ಕೆ ಪರೋಟ ತಪ್ಪುವುದಿಲ್ಲ.

ಎದ್ದ ಕೂಡಲೇ ಅರ್ಧ ಗಂಟೆ ಟೆರೇಸಿಗೆ ಹೋಗು. ಕೋಣೆಯ ಟ್ಯೂಬ್‌ಲೈಟ್ ಬೆಳಕು 200-300 ಲಕ್ಸ್ (ಬೆಳಕಿನ ಅಳತೆ) ಇದ್ದರೆ ಹೆಚ್ಚು. ಮಳೆಗಾಲದ ಆಟಿ ತಿಂಗಳ ಮೋಡದಲ್ಲೂ ಹೊರಗಿನ ಬೆಳಕು ಸಾಮಾನ್ಯವಾಗಿ ಸಾವಿರ ಲಕ್ಸ್ ದಾಟುತ್ತದೆ. ರಾತ್ರಿ ಮನೆಗೆ ಬಂದ ಮೇಲೆ ದೊಡ್ಡ ದೀಪ ಬೇಡ, ಫೋನು ಹಾಸಿಗೆಯಿಂದ ದೂರವಿರಲಿ. ಚಾ, ಕಾಫಿ ಸಂಜೆ 5ಕ್ಕೇ ನಿಲ್ಲಲಿ, ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಭಾನುವಾರ 12ರವರೆಗೆ ಮಲಗಬೇಡ, ಒಂದು ಗಂಟೆ ಹೆಚ್ಚು ಸಾಕು. ಇಲ್ಲದಿದ್ದರೆ ವಾರದ ದುಡಿಮೆಯೆಲ್ಲ ಸೋಮವಾರಕ್ಕೆ ಮತ್ತೆ ಮೊದಲಿನಿಂದ.

ವಾರಕ್ಕೊಂದೇ ಸಲ ತೂಕ ನೋಡು, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ. ಒಣಮೀನಿನ ಚಟ್ನಿ ತಿಂದ ಮರುದಿನ ಒಂದು ಕಿಲೋ ಏರಿದರೆ ಅದು ಉಪ್ಪು ಹಿಡಿದಿಟ್ಟ ನೀರು, ಕೊಬ್ಬಲ್ಲ. ಹೊತ್ತು ಸರಿಯಾದರೂ ಅಳತೆ ಮೀರಿದರೆ ತೂಕ ಇಳಿಯದು, ಅದನ್ನೂ ಮರೆಯಬೇಡ. ಮುಟ್ಟು ಏರುಪೇರಾಗಿದ್ದರೆ, ಸುಸ್ತು ಬಿಡದಿದ್ದರೆ ಕಾಯದೆ ವೈದ್ಯರಲ್ಲಿಗೆ ಹೋಗಿ ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ ಮಾಡಿಸು, ಅಂಡಾಶಯದ ತೊಂದರೆಯಾದ ಪಿಸಿಓಡಿ ಬಗ್ಗೆಯೂ ಕೇಳು.

ಮೂರು ಖಾನೆಯ ಸ್ಟೀಲ್ ಡಬ್ಬ ತೊಳೆದಿಟ್ಟಿದ್ದೇನೆ, ಶನಿವಾರ ಬಂದವಳು ತೆಗೆದುಕೊಂಡು ಹೋಗು.

ನಿನ್ನ
ಅಮ್ಮ