ಶಾರ್ಟ್ ಪಾತ್: ಹೆಸರು ಒಂದು, ಯಂತ್ರ ಎರಡು

ಸಂಪಾದಕರಿಗೆ,

ಮಾನ್ಯರೆ,

ಔಷಧೀಯ ಭಂಗಿ (ಗಾಂಜಾ ಗಿಡ) ಸಾರದ ತಯಾರಿಕೆಗೆ ಇಳಿಯುತ್ತಿರುವ ಹೊಸ ಉದ್ಯಮಿಗಳನ್ನು ಕುರಿತು ತಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಕಳೆದ ವಾರ ಪ್ರಕಟವಾದ ಲೇಖನವನ್ನು ಓದಿದೆ. ವಿಷಯವನ್ನು ಮುಜುಗರವಿಲ್ಲದೆ, ಗದ್ದಲವೂ ಇಲ್ಲದೆ ಬರೆದಿರುವುದು ಮೆಚ್ಚುವಂಥದ್ದು. ಆದರೆ ಅದರಲ್ಲಿದ್ದ ಎರಡು ಮಾತುಗಳನ್ನು ಹಾಗೆಯೇ ಬಿಟ್ಟರೆ ಯಾರಾದರೂ ಹಣ ಕಳೆದುಕೊಳ್ಳುವ ಸಂಭವವಿರುವುದರಿಂದ ಈ ಪತ್ರ. ಭಂಗಿಯಲ್ಲಿ ಅಮಲೇರಿಸುವ ಟಿಎಚ್‌ಸಿ ಎಂಬ ಘಟಕವು 157 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂಬುದು ಒಂದು. ಅದನ್ನು ಬಟ್ಟಿ ಇಳಿಸುವ ‘ಶಾರ್ಟ್ ಪಾತ್’ ಯಂತ್ರವು ಲಕ್ಷಗಳಲ್ಲೂ ಸಿಗುತ್ತದೆ, ಕೋಟಿಗಳಲ್ಲೂ ಸಿಗುತ್ತದೆ, ಬಂಡವಾಳ ನೋಡಿಕೊಂಡು ಕೊಳ್ಳಬಹುದು ಎಂಬುದು ಇನ್ನೊಂದು. ಮೊದಲನೆಯದು ಅರ್ಧ ಸತ್ಯ. ಎರಡನೆಯದು ದಾರಿ ತಪ್ಪಿಸುವಂಥದ್ದು. ಕರಾವಳಿಯ ಮೀನೆಣ್ಣೆ ಶುದ್ಧೀಕರಣ ಘಟಕವೊಂದರಲ್ಲಿ 27 ವರ್ಷ ನಿರ್ವಾತ ಬಟ್ಟಿಯ (ಗಾಳಿ ಹೊರಗೆಳೆದು ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸುವ ಯಂತ್ರದ) ಮುಂದೆಯೇ ನಿಂತು ನಿವೃತ್ತನಾದವನು ನಾನು. ಭಂಗಿ ಸಾರವನ್ನು ನಾನು ಇಳಿಸಿಲ್ಲ. ಆದರೆ ಯಂತ್ರ ಅದೇ, ಅದರ ಚಾಳಿಯೂ ಅದೇ.

157 ಡಿಗ್ರಿಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಇಸ್ರೇಲಿನ ಯೆಹಿಯೆಲ್ ಗಾವೊನಿ ಮತ್ತು ರಾಫೆಲ್ ಮೆಕೊಲಾಮ್ ಅವರು 1964ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದ ಈ ವಸ್ತುವಿಗೆ 155ರಿಂದ 157 ಡಿಗ್ರಿ ಎಂಬ ಕುದಿಬಿಂದು ಇರುವುದು ನಿಜ. ಆದರೆ ಅದು 0.05 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಮಾತ್ರ, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಹದಿನೈದು ಸಾವಿರದಲ್ಲಿ ಒಂದು ಪಾಲಿನಷ್ಟು ಒತ್ತಡದಲ್ಲಿ. ಮುಳ್ಳಯ್ಯನಗಿರಿಯ ತುದಿಯಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ ಎಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒತ್ತಡವನ್ನು ಹೇಳದೆ ಕುದಿಬಿಂದುವನ್ನು ಹೇಳುವುದು, ಊರಿನ ಹೆಸರು ಬರೆಯದೆ ಮನೆ ನಂಬರನ್ನಷ್ಟೇ ಬರೆದು ಅಂಚೆಗೆ ಹಾಕಿದಂತೆ. ಸಾಮಾನ್ಯ ಒತ್ತಡದಲ್ಲಿ ಈ ವಸ್ತುವನ್ನು ಬಟ್ಟಿ ಇಳಿಸಲು ಹೋದರೆ ಅದು ಕುದಿಯುವ ಮೊದಲೇ ಕೆಟ್ಟುಹೋಗುತ್ತದೆ. ಭಂಗಿಯಲ್ಲೇ ಇರುವ, ಅಮಲೇರಿಸದ ಸಿಬಿಡಿ ಎಂಬ ಇನ್ನೊಂದು ಘಟಕದ ಕಥೆಯೂ ಇದೇ. ಕೈಪಿಡಿಗಳಲ್ಲಿ ಅದಕ್ಕೆ ಕೊಟ್ಟಿರುವ 187ರಿಂದ 190 ಡಿಗ್ರಿ ಎಂಬ ಅಂಕಿಯು 2 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಸಂಬಂಧಿಸಿದ್ದು.

ನಮ್ಮ ನಾಡಿಗೆ ಬಟ್ಟಿಯ ವಿದ್ಯೆ ಹೊಸತೇನಲ್ಲ. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ವ್ಯಾಪಾರ ನಿಂತಾಗ, 1916ರ ವೇಳೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಂಧದೆಣ್ಣೆಯನ್ನು ಇಳಿಸಿ ನೋಡಿ, ಬಳಿಕ ಮೈಸೂರಿನಲ್ಲಿ ಕಾರ್ಖಾನೆಯೇ ಎದ್ದುನಿಂತಿತು. ಗಂಧದೆಣ್ಣೆಯ ಸ್ಯಾಂಟಲಾಲ್ ಕೂಡ 300 ಡಿಗ್ರಿಯ ಸುಮಾರಿಗೆ ಕುದಿಯುವ ವಸ್ತುವೇ. ಆದರೆ ಹಬೆಯ ಜೊತೆ ನಿಧಾನವಾಗಿಯಾದರೂ ಅದು ಮೇಲೆದ್ದು ಬರುತ್ತದೆ. ದವನ, ಮಜ್ಜಿಗೆ ಹುಲ್ಲುಗಳ ತೈಲವಂತೂ ಸಲೀಸಾಗಿ ಬರುತ್ತದೆ. ಭಂಗಿಯ ಅಂಟುರಾಳದ ಮುಖ್ಯ ಘಟಕಗಳು ಹಬೆಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹಬೆಯ ಜೊತೆ ಬರುವುದು ಬಹುಪಾಲು ಅದರ ವಾಸನೆಯ ತೈಲ. ಆದ್ದರಿಂದ ಇಲ್ಲಿ ಆಳವಾದ ನಿರ್ವಾತವೇ ಬೇಕು. ಗಂಧದ ಎಣ್ಣೆಯ ಅನುಭವವಿದೆ ಎಂದು ಇದಕ್ಕೆ ಕೈಹಾಕುವವರು ಈ ವ್ಯತ್ಯಾಸವನ್ನು ಮೊದಲು ಅರಿತಿರಬೇಕು.

ಇನ್ನು ಹೆಸರಿನ ಗೊಂದಲ. ಆವಿ ಏಳುವ ಜಾಗಕ್ಕೂ ಅದು ತಣಿದು ಹನಿಯಾಗುವ ಜಾಗಕ್ಕೂ ನಡುವಿನ ದಾರಿ ಚಿಕ್ಕದಾಗಿದ್ದರೆ ಅದು ಶಾರ್ಟ್ ಪಾತ್. ಈ ಒಂದೇ ಹೆಸರಿನಲ್ಲಿ ಪೇಟೆಯಲ್ಲಿ ಎರಡು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತವೆ. ಒಂದು, ಗಾಜಿನ ದುಂಡು ಫ್ಲಾಸ್ಕು, ಅದರ ಕುತ್ತಿಗೆಗೆ ಅಂಟಿಕೊಂಡಂತೆ ಆವಿಯನ್ನು ತಣಿಸುವ ಒಂದು ಗಿಡ್ಡ ಕಂಡೆನ್ಸರು, ಕೆಳಗೊಂದು ಹೀಟರು. ಇನ್ನೊಂದು, ಹೊರಗಿನಿಂದ ಬಿಸಿಮಾಡಿದ ಉದ್ದನೆಯ ಸಿಲಿಂಡರು. ಅದರ ಒಳಗೋಡೆಯ ಮೇಲೆ ಎಣ್ಣೆ ಇಳಿದು ಬರುವಾಗ ಸುತ್ತುವ ರೋಲರುಗಳೋ ಅಲಗುಗಳೋ ಅದನ್ನು ತೆಳು ಪದರವಾಗಿ ಹರಡುತ್ತವೆ, ಎದ್ದ ಆವಿಯು ಸಿಲಿಂಡರಿನ ನಟ್ಟನಡುವೆಯೇ ನಿಂತಿರುವ ತಣ್ಣನೆಯ ಕಂಡೆನ್ಸರಿಗೆ ಕೆಲವೇ ಸೆಂಟಿಮೀಟರು ದಾಟಿ ತಲಪುತ್ತದೆ. 1930ರ ದಶಕದಲ್ಲಿ ಅಮೆರಿಕದ ರಾಚೆಸ್ಟರ್‌ನ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಕೆನೆತ್ ಹಿಕ್‌ಮನ್ ಮತ್ತು ಸಂಗಡಿಗರು ಬೆಳೆಸಿದ ಅಣುಬಟ್ಟಿಯ (ಆಳವಾದ ನಿರ್ವಾತದಲ್ಲಿ ಬಟ್ಟಿ ಇಳಿಸುವ) ವಿದ್ಯೆ ಈ ಎರಡನೆಯ ಯಂತ್ರದ ಬೇರು. ಅವರು ಅದನ್ನು ಮೀನಿನ ಯಕೃತ್ತಿನ ಎಣ್ಣೆಯಿಂದ ಎ ಜೀವಸತ್ವವನ್ನು ಬೇರ್ಪಡಿಸಲು ಬಳಸಿದರು. ನಮ್ಮ ಮೀನೆಣ್ಣೆಯವರಿಗೆ ಇದು ಮನೆಯ ಮಾತು. ಲೇಖನದಲ್ಲಿ ಹೇಳಿದ ಲಕ್ಷದ ಯಂತ್ರ ಮೊದಲನೆಯದು, ಕೋಟಿಯದು ಎರಡನೆಯದು. ಅವು ಒಂದೇ ಯಂತ್ರದ ಚಿಕ್ಕ ದೊಡ್ಡ ಗಾತ್ರಗಳಲ್ಲ.

ವ್ಯತ್ಯಾಸ ಎಲ್ಲಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಾರುವವರು ಇದನ್ನು ಹೇಳುವುದಿಲ್ಲ. ಫ್ಲಾಸ್ಕಿನಲ್ಲಿ ಎಣ್ಣೆ 10 ಸೆಂಟಿಮೀಟರು ಆಳವಿದೆ ಎಂದುಕೊಳ್ಳಿ. ಒತ್ತಡದ ಗೇಜು 0.01 ಮಿಲಿಬಾರ್ (ನಾವು ಉಸಿರಾಡುವ ಗಾಳಿಯ ಒತ್ತಡ ಸುಮಾರು ಸಾವಿರ ಮಿಲಿಬಾರ್) ತೋರಿಸುತ್ತಿದ್ದರೂ, ಅಷ್ಟು ಎಣ್ಣೆಯ ತೂಕದಿಂದಲೇ ತಳದಲ್ಲಿ 9 ಮಿಲಿಬಾರಿನಷ್ಟು ಒತ್ತಡವಿರುತ್ತದೆ. ಅಂದರೆ ಮೇಲ್ಮೈಗಿಂತ ನೂರಾರು ಪಟ್ಟು ಹೆಚ್ಚು. ಬಿಸಿ ತಾಗುವುದು ತಳಕ್ಕೆ, ಆವಿ ಏಳಬೇಕಾದದ್ದು ಮೇಲೆ. ತಳ ಕಾದು ಕಾದು ಒಮ್ಮೆಲೇ ಉಕ್ಕಿ, ಇಳಿಸಿದ ಎಣ್ಣೆಯೊಳಕ್ಕೆ ಕಪ್ಪು ಸಾರವನ್ನೇ ಎರಚಿಬಿಡುವುದು ಇದರಿಂದಲೇ. ಕಲಕುವ ಕಡ್ಡಿ ಇದ್ದರೆ ಈ ತೊಂದರೆ ಕಡಿಮೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ತೆಳುಪದರದ ಯಂತ್ರದಲ್ಲಿ ಎಣ್ಣೆಯ ದಪ್ಪ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲವಾದ್ದರಿಂದ ಈ ತೂಕದ ಪ್ರಶ್ನೆಯೇ ಏಳುವುದಿಲ್ಲ. ಕಾಲದ ಲೆಕ್ಕವೂ ಹಾಗೆಯೇ: ಫ್ಲಾಸ್ಕಿನಲ್ಲಿ ಕೊನೆಯ ಹನಿ ಗಂಟೆಗಟ್ಟಲೆ ಬೇಯುತ್ತದೆ, ತೆಳುಪದರದಲ್ಲಿ ಎಣ್ಣೆ ಬಿಸಿಗೋಡೆಯ ಮೇಲಿರುವುದು ಸೆಕೆಂಡುಗಳ ಲೆಕ್ಕದಲ್ಲಿ. ಬಿಸಿಯನ್ನೂ ಗಾಳಿಯನ್ನೂ ಹೆಚ್ಚು ಹೊತ್ತು ಕಂಡರೆ ಟಿಎಚ್‌ಸಿ ಬಣ್ಣಗೆಟ್ಟು ಸಿಬಿಎನ್ ಎಂಬ ಬೇರೆ ವಸ್ತುವಾಗುತ್ತ ಹೋಗುತ್ತದೆ. ಇನ್ನು ‘ಮೊದಲು ಚಿಕ್ಕ ಫ್ಲಾಸ್ಕು ಕೊಳ್ಳೋಣ, ವ್ಯಾಪಾರ ಬೆಳೆದಂತೆ ದೊಡ್ಡದು ತರೋಣ’ ಎನ್ನುವವರಿಗೆ ಒಂದು ಮಾತು: ಫ್ಲಾಸ್ಕಿನ ವ್ಯಾಸ ಇಮ್ಮಡಿಯಾದರೆ ಒಳಗಿನ ಎಣ್ಣೆ ಎಂಟು ಪಟ್ಟಾಗುತ್ತದೆ, ಆವಿ ಏಳುವ ಮೈ ನಾಲ್ಕೇ ಪಟ್ಟಾಗುತ್ತದೆ. ಬೇಯುವ ಹೊತ್ತು ಇನ್ನೂ ಹೆಚ್ಚುತ್ತದೆ. ಪ್ರಯೋಗಾಲಯದಲ್ಲಿ ವಸ್ತುವಿನ ಗುಣ ತಿಳಿಯಲು ಫ್ಲಾಸ್ಕು ಒಳ್ಳೆಯದು, ನಾನೂ ಬಳಸಿದ್ದೇನೆ. ಔಷಧದ ಹೆಸರಿನಲ್ಲಿ ದಿನದಿನವೂ ಒಂದೇ ಗುಣಮಟ್ಟವನ್ನು ಕೊಡಬೇಕಾದವರಿಗೆ ಅದು ಸಾಲದು.

ನಿರ್ವಾತದ ವಿಷಯದಲ್ಲಿ ನಾನೇ ಮೋಸಹೋದದ್ದನ್ನು ಹೇಳುತ್ತೇನೆ. ನೌಕರಿಯ ಆರಂಭದ ದಿನಗಳಲ್ಲಿ ಒಂದು ಚಿಕ್ಕ ಬಟ್ಟಿ ತರಿಸಿದೆವು; ತಯಾರಕರು ಯಾರೆಂಬುದು ಈಗ ಅಪ್ರಸ್ತುತ. ಕೊಟೇಶನ್ನಿನಲ್ಲಿ 0.001 ಮಿಲಿಬಾರ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಕೂಡಿಸಿ ನೋಡಿದರೆ ಬಟ್ಟಿಯೊಳಗೆ 0.5 ಮಿಲಿಬಾರಿಗಿಂತ ಕೆಳಗೆ ಇಳಿಯಲೇ ಇಲ್ಲ. ಜಗಳಕ್ಕೆ ಹೋದಾಗ ತಿಳಿಯಿತು: ಆ ಅಂಕಿಯು ಪಂಪಿನ ಬಾಯಿಗೆ ಮುಚ್ಚಳ ಹಾಕಿ ಅಳೆದದ್ದು, ಬಟ್ಟಿಯೊಳಗಿನದ್ದಲ್ಲ. ಪಂಪಿಗೂ ಬಟ್ಟಿಗೂ ನಡುವೆ ಅವರು ಹಾಕಿದ್ದ ಉದ್ದನೆಯ ತೆಳು ಕೊಳವೆಯೇ ಅರ್ಧ ನಿರ್ವಾತವನ್ನು ನುಂಗುತ್ತಿತ್ತು. 0.001 ಮಿಲಿಬಾರಿನಂಥ ಕಡಿಮೆ ಒತ್ತಡದಲ್ಲಿ ಕೊಳವೆಯ ವ್ಯಾಸವನ್ನು ಅರ್ಧ ಮಾಡಿದರೆ ಅದು ಸಾಗಿಸಬಲ್ಲ ಆವಿಯು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ, ಗೇಜನ್ನು ಎಲ್ಲಿ ಕೂರಿಸಿದ್ದೀರಿ ಎಂಬುದು. ಅದರ ಹಿಂದೆಯೇ, ಯಾವ ಬಗೆಯ ಗೇಜು ಎಂಬುದು. ಅನಿಲವು ಶಾಖವನ್ನು ಎಷ್ಟು ಒಯ್ಯುತ್ತದೆಂದು ನೋಡಿ ಒತ್ತಡ ಹೇಳುವ ಅಗ್ಗದ ಪಿರಾನಿ ಗೇಜು ಗಾಳಿಗೆ ಹೊಂದಿಸಿದ್ದು; ಒಳಗಿರುವುದು ಬೇರೆ ಆವಿಯಾದರೆ ಅದರ ಅಂಕಿ ನಿಜವಲ್ಲ. ಬಟ್ಟಿಯನ್ನು ಖಾಲಿಯಿಟ್ಟು, ನಿರ್ವಾತ ಎಳೆದು, ಪಂಪಿನ ಕವಾಟ ಮುಚ್ಚಿ, ಹತ್ತು ನಿಮಿಷದಲ್ಲಿ ಒತ್ತಡ ಎಷ್ಟು ಏರಿತು ಎಂದು ನಮ್ಮ ಕಣ್ಣೆದುರೇ ತೋರಿಸಿರೆಂದು ಕೇಳುವುದಕ್ಕೆ ಸಂಕೋಚ ಬೇಡ. ಚೆನ್ನಾಗಿ ಮಾಡಿದ ಯಂತ್ರದವರು ಸಂತೋಷದಿಂದ ತೋರಿಸುತ್ತಾರೆ.

ಬಟ್ಟಿಗೆ ಬರುವ ಮುನ್ನ ಸಾರ ಹೇಗಿರುತ್ತದೆ ಎಂಬುದೂ ಯಂತ್ರದ ಆಯ್ಕೆಗೆ ಸೇರಿದ ಮಾತೇ. ಎಲೆಯಿಂದ ಸಾರ ತೆಗೆಯಲು ಬಳಸಿದ ಎಥನಾಲ್ ಅದರಲ್ಲಿ ಒಂದಿಷ್ಟು ಉಳಿದಿರುತ್ತದೆ. ಒಂದೇ ಒಂದು ಗ್ರಾಂ ಎಥನಾಲ್ 0.01 ಮಿಲಿಬಾರಿನಲ್ಲಿ ಆವಿಯಾದರೆ ಸುಮಾರು 50 ಸಾವಿರ ಲೀಟರಿನಷ್ಟು ಜಾಗ ತುಂಬುತ್ತದೆ, ಅಂದರೆ ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ 12 ಸಾವಿರ ಲೀಟರಿನ ನೀರಿನ ಟ್ಯಾಂಕರುಗಳು ನಾಲ್ಕಕ್ಕೂ ಮಿಕ್ಕಿ. ಯಾವ ಪಂಪು ಇದನ್ನು ತಡೆದೀತು? ಹಸಿ ಸಾರದಲ್ಲಿರುವ ಆಮ್ಲರೂಪದ ಘಟಕಗಳು ಬಿಸಿಗೆ ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದ ಅದೂ ನಿರ್ವಾತವನ್ನು ಕೆಡಿಸುತ್ತದೆ. ಹಾಗಾಗಿ ದ್ರಾವಕವನ್ನೂ ಅನಿಲವನ್ನೂ ಲಘು ತೈಲಗಳನ್ನೂ ಮೊದಲೇ ತೆಗೆಯುವ ಹಂತಗಳು, ಪಂಪಿನ ಮುಂದೆ ಆವಿಯನ್ನು ಹಿಡಿದು ಹೆಪ್ಪುಗಟ್ಟಿಸುವ ಕೋಲ್ಡ್ ಟ್ರ್ಯಾಪು, ಇವೆಲ್ಲ ಬೆಲೆಯೊಳಗೆ ಸೇರಿವೆಯೇ ಎಂದು ನೋಡಬೇಕು. ಮುಖ್ಯ ಯಂತ್ರವನ್ನು ಅಗ್ಗಕ್ಕೆ ಕೊಟ್ಟು, ಇವನ್ನು ಆಮೇಲೆ ಒಂದೊಂದಾಗಿ ಮಾರುವುದು ಹಳೆಯ ಚಾಳಿ.

ಬಟ್ಟಿ ಏನನ್ನು ಮಾಡಲಾರದು ಎಂಬುದನ್ನೂ ಲೇಖನ ಹೇಳಬೇಕಿತ್ತು. ಟಿಎಚ್‌ಸಿ, ಸಿಬಿಡಿ ಎರಡರ ಅಣುಸೂತ್ರವೂ ಒಂದೇ, ತೂಕವೂ ಒಂದೇ. ಕುದಿಯುವ ಗುಣವೂ ಹತ್ತಿರಹತ್ತಿರ. ಎಷ್ಟೇ ದುಬಾರಿ ಶಾರ್ಟ್ ಪಾತ್ ತಂದರೂ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಅದರಿಂದ ಆಗುವುದಿಲ್ಲ. ಅದಕ್ಕೆ ಕ್ರೊಮ್ಯಾಟೊಗ್ರಫಿಯೋ (ಮಿಶ್ರಣವನ್ನು ಕಂಬದಂಥ ಕೊಳವೆಯಲ್ಲಿ ಹರಿಸಿ ಘಟಕಗಳನ್ನು ಬಿಡಿಸುವ ವಿಧಾನ) ಹರಳುಗಟ್ಟಿಸುವಿಕೆಯೋ ಬೇಕು. ಎಲೆಯ ಮೇಲಿದ್ದ ಕೀಟನಾಶಕವೂ ಹಾಗೆಯೇ: ಕೆಲವು ಕೀಟನಾಶಕಗಳು ಘಟಕಗಳ ಜೊತೆಗೇ ಇಳಿದುಬಂದು, ಎಲೆಯಲ್ಲಿದ್ದುದಕ್ಕಿಂತ ಸಾಂದ್ರವಾಗಿ ಶೀಶೆ ಸೇರುತ್ತವೆ. ಹೊನ್ನಿನ ಬಣ್ಣದ ಎಣ್ಣೆ ಶುದ್ಧವೇ ಇರಬೇಕೆಂದೇನೂ ಇಲ್ಲ.

ಕಾನೂನಿನ ಮಾತನ್ನು ಲೇಖನವು ಒಂದು ಸಾಲಿನಲ್ಲಿ ಮುಗಿಸಿದೆ. 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ವ್ಯಾಖ್ಯೆಯಲ್ಲಿ ಹೂ ಕಾಯಿಗಳ ತುದಿಯೊಂದಿಗೆ ಸೇರದ ಎಲೆ ಮತ್ತು ಬೀಜಗಳು ಗಾಂಜಾ ಎನಿಸಿಕೊಳ್ಳುವುದಿಲ್ಲ; ಆಯುಷ್ ಪರವಾನಗಿಯಡಿ ‘ವಿಜಯಾ’ (ಭಂಗಿಗೆ ಆಯುರ್ವೇದದ ಹೆಸರು) ಹೆಸರಿನಲ್ಲಿ ಬರುವ ಔಷಧಗಳು ನಿಂತಿರುವುದು ಈ ನೆಲೆಯ ಮೇಲೆ. ಆದರೆ ಅದೇ ಕಾಯ್ದೆಯು ಬೇರ್ಪಡಿಸಿದ ರಾಳವನ್ನು, ಕಚ್ಚಾ ಇರಲಿ ಶುದ್ಧೀಕರಿಸಿದ್ದಿರಲಿ, ಚರಸ್ ಎಂದು ಕರೆಯುತ್ತದೆ. ಹಶೀಶ್ ಎಣ್ಣೆ ಎಂಬ ಸಾಂದ್ರ ರೂಪವನ್ನೂ ಅದರಲ್ಲೇ ಸೇರಿಸುತ್ತದೆ. ಬಟ್ಟಿ ಮಾಡುವ ಕೆಲಸವೇ ಸಾಂದ್ರಗೊಳಿಸುವುದಾಗಿರುವಾಗ, ಎಲೆ ಎಲ್ಲಿಂದ ಬಂತು, ಯಾವ ಪರವಾನಗಿಯಲ್ಲಿ ಎಷ್ಟು ಸಾಂದ್ರತೆಯವರೆಗೆ ಹೋಗಬಹುದು ಎಂಬುದನ್ನು ಬರಹದಲ್ಲಿ ಪಡೆಯದೆ ಯಂತ್ರಕ್ಕೆ ಮುಂಗಡ ಕೊಡುವುದು ಅವಿವೇಕ. ಔಷಧ ನಿಯಮಗಳ ಇ(1) ಪರಿಶಿಷ್ಟದಲ್ಲಿ, ಅಂದರೆ ವಿಷದ್ರವ್ಯಗಳ ಪಟ್ಟಿಯಲ್ಲಿ, ಭಂಗಿಯೂ ಇದೆ ಎಂಬುದನ್ನು ನೆನಪಿಡಬೇಕು. ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಅಂಥ ಔಷಧದ ಚೀಟಿಯ ಮೇಲಿರಲೇಬೇಕು. ಉತ್ತರಾಖಂಡವು 2018ರಲ್ಲಿ ಶೇ 0.3ಕ್ಕಿಂತ ಕಡಿಮೆ ಟಿಎಚ್‌ಸಿ ಇರುವ ಕೈಗಾರಿಕಾ ಹೆಂಪ್ (ನಾರು, ಬೀಜಗಳಿಗಾಗಿ ಬೆಳೆಯುವ ಭಂಗಿ) ಬೆಳೆಗೆ ದಾರಿ ಮಾಡಿತೆಂದು ಇಲ್ಲಿಯೂ ಹಾಗೆಯೇ ಎಂದುಕೊಳ್ಳುವವರನ್ನು ನಾನು ಕಂಡಿದ್ದೇನೆ, ಇಲ್ಲಿ ಹಾಗಿಲ್ಲ. ಇನ್ನು 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಆಹಾರವೆಂದು ಒಪ್ಪಿದ್ದು ಹೆಂಪ್ ಬೀಜ, ಬೀಜದೆಣ್ಣೆ ಮತ್ತು ಹಿಟ್ಟುಗಳನ್ನು. ಬೀಜದೆಣ್ಣೆಯಷ್ಟೇ ಬೇಕಾದವರಿಗೆ ಬಟ್ಟಿಯ ಗೊಡವೆಯೇ ಬೇಡ, ಒಂದು ಒಳ್ಳೆಯ ಗಾಣ ಸಾಕು.

ಲೇಖನ ಓದಿಯೇ ಇಬ್ಬರು ಯುವಕರು ಮೂರು ಕೊಟೇಶನ್ ಹಿಡಿದು ಮೈಸೂರಿನ ನಮ್ಮ ಮನೆಗೆ ಬಂದಿದ್ದರು. ಪರವಾನಗಿಯ ಅರ್ಜಿ ಇನ್ನೂ ಇಲಾಖೆಯಲ್ಲಿದೆ. ಅದು ಕೈಗೆ ಬರುವವರೆಗೆ ಹಣ ಕೊಡಬೇಡಿ, ಅಷ್ಟರೊಳಗೆ ಮೂವರಿಗೂ ಕಾಗದ ಬರೆಯಿರಿ ಎಂದೆ: ಎಣ್ಣೆ ಬಿಸಿಗೋಡೆಯ ಮೇಲೆ ಎಷ್ಟು ಹೊತ್ತು ಇರುತ್ತದೆ, ಬಟ್ಟಿಯೊಳಗೆ ಅಳೆದ ಒತ್ತಡ ಎಷ್ಟು, ಎಣ್ಣೆ ತಾಗುವ ಭಾಗಗಳೆಲ್ಲ ತುಕ್ಕು ಹಿಡಿಯದ 316ಎಲ್ ದರ್ಜೆಯ ಉಕ್ಕಿನವೇ, ಸೀಲು ಹಾಳಾದರೆ ಬದಲು ಸೀಲು ಎಷ್ಟು ದಿನದಲ್ಲಿ ಬರುತ್ತದೆ, ಪರವಾನಗಿ ಬಂದ ಮೇಲೆ ನಮ್ಮದೇ ಸಾರವನ್ನು ಕಾನೂನುಬದ್ಧವಾಗಿ ಓಡಿಸಿ ತೋರಿಸುವಿರಾ, ಅದುವರೆಗೆ ಅಷ್ಟೇ ದಪ್ಪನೆಯ ಬೇರೆ ಎಣ್ಣೆಯನ್ನು ಓಡಿಸಿ ತೋರಿಸುವಿರಾ ಎಂದು. ಈವರೆಗೆ ಉತ್ತರಿಸಿದವರು ಒಬ್ಬರೇ. ಸೋರಿಕೆ ಪರೀಕ್ಷೆಯ ಹಾಳೆಯನ್ನೂ ಕಾಗದದ ಜೊತೆ ಲಗತ್ತಿಸಿದ್ದಾರೆ. ಅವರ ಬೆಲೆ ಮೂವರಲ್ಲಿ ನಡುವಿನದು.

ಲೇಖನದ ಅಂತರ್ಜಾಲ ಆವೃತ್ತಿಯನ್ನು ತಾವು ತಿದ್ದುವುದಾದರೆ, 157 ಡಿಗ್ರಿ ಎಂಬಲ್ಲಿ ‘0.05 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ’ ಎಂದು ಸೇರಿಸಬೇಕೆಂದೂ, ಯಂತ್ರಗಳ ಬೆಲೆ ಹೇಳುವಲ್ಲಿ ಯಾವುದು ಫ್ಲಾಸ್ಕು, ಯಾವುದು ತೆಳುಪದರ ಎಂಬುದನ್ನು ಬಿಡಿಸಿ ಬರೆಯಬೇಕೆಂದೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಾಸಾಯನಿಕ ಎಂಜಿನಿಯರ್
ಮೈಸೂರು