ಅಪ್ಪಯ್ಯನ ಮಂಡಿಯ ವಿಷಯಕ್ಕೆ

ಸೌತಾಂಪ್ಟನ್
ಆಗಸ್ಟ್, ಭಾನುವಾರ

ಪ್ರೀತಿಯ ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ನಿನ್ನ ಪತ್ರ ಬಂತು. ಅತ್ತೆಗೆ, ಶ್ರೀಪಾದನಿಗೆ, ಪುಟ್ಟಿಗೆ ನಾನು ಕೇಳಿದೆ ಅಂತ ಹೇಳು.

ಅಪ್ಪಯ್ಯ ಹಳ್ಳ ದಾಟುವ ಸಂಕದ ಮೇಲೆ ಜಾರಿದ್ದನ್ನು ಎರಡೇ ಸಾಲಿನಲ್ಲಿ ಬರೆದು ಮುಗಿಸಿದ್ದೀಯ. ಫೋನಿನಲ್ಲಂತೂ ಹೇಳಲೇ ಇಲ್ಲ. ಪೆಟ್ಟಾಗಿಲ್ಲ ಅಂದೆ, ಸರಿ. ಆದರೆ ಮಂಡಿ ಕೈಕೊಟ್ಟಿದ್ದಕ್ಕೇ ಜಾರಿದ್ದು ಅಲ್ವಾ? ಪಾಚಿ ಕಟ್ಟಿತ್ತು ಅಂತ ಅವರು ಹೇಳಬಹುದು. ಪಾಚಿ ಪ್ರತಿ ಮಳೆಗಾಲದಲ್ಲೂ ಕಟ್ಟುತ್ತೆ. ಅದೇ ಸಂಕದ ಮೇಲೆ ಅಡಿಕೆಗೆ ಹೊಡೆಯುವ ಮದ್ದಿನ ಡ್ರಮ್ಮು ಹೊತ್ತು ದಾಟಿದವರು ಅವರು.

ಡಾಕ್ಟರು ಮಂಡಿ ಬದಲಿಸಿ ಅಂದರೂ 'ಅರವತ್ತೆಂಟಾಯ್ತು, ಇನ್ನು ಹೊಸ ಮಂಡಿ ಯಾರಿಗೆ ಬೇಕು' ಅಂದರಂತೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಮುಂದಿನದನ್ನು ಅವರಿಗೆ ಕೇಳುವ ಹಾಗೆ ಓದು.

ಅಪ್ಪಯ್ಯಾ, ಅಲ್ಲಿನ ಮುದುಕರು ಏನು ಮಾಡ್ತಾರೆ ಅಂತ ಹೋದ ಸಲ ಕೇಳಿದ್ದಿರಲ್ಲ. ಬೌಲ್ಸ್ ಆಡುತ್ತಾರೆ. ಈ ಊರಿನ ಹಳೇ ಕೋಟೆಗೋಡೆಯ ಹತ್ತಿರ ಒಂದು ಹುಲ್ಲಿನ ಅಂಗಳ ಇದೆ. 1299ರಿಂದ ಅಲ್ಲಿ ಈ ಆಟ ನಡೆದಿದೆ, ಲೋಕದಲ್ಲೇ ಅತಿ ಹಳೆಯದು ಅಂತ ಊರವರಿಗೆ ಹೆಮ್ಮೆ. ಒಂದು ತುದಿಯಲ್ಲಿ ಚಿಕ್ಕ ಬಿಳಿ ಚೆಂಡು, ಅದಕ್ಕೆ ಜ್ಯಾಕ್ ಅನ್ನುತ್ತಾರೆ. ಒಂದೂವರೆ ಕಿಲೋ ತೂಗುವ ದೊಡ್ಡ ಚೆಂಡನ್ನು ಅದರ ಹತ್ತಿರಕ್ಕೆ ಉರುಳಿಸಬೇಕು. ಗೋಲಿ ಆಟದ ಲೆಕ್ಕಾಚಾರವೇ. ಆದರೆ ಈ ಚೆಂಡು ನೇರ ಹೋಗುವುದಿಲ್ಲ. ಒಂದು ಮಗ್ಗುಲಿನ ಉಬ್ಬು ಇನ್ನೊಂದರ ಹಾಗಿಲ್ಲ, ಹಾಗಾಗಿ ವೇಗ ಇಳಿದಂತೆ ಒಂದೇ ಕಡೆ ತಿರುಗುತ್ತೆ. ಎಷ್ಟು ಆಚೆ ಬಿಟ್ಟರೆ ಎಷ್ಟು ಒಳಗೆ ಬರುತ್ತೆ ಅನ್ನುವ ಅಂದಾಜೇ ಆಟ. ಹಿಂದೆ ಲಿಗ್ನಮ್ ವೀಟೆ ಅನ್ನುವ ಗಟ್ಟಿ ಮರದಲ್ಲಿ ಮಾಡುತ್ತಿದ್ದರು. ಅದು ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ.

ನಮ್ಮ ರಸ್ತೆಯ ಅಜ್ಜ ಒಬ್ಬರಿಗೆ ಎಂಬತ್ತು ದಾಟಿದೆ. ಎರಡೂ ಮಂಡಿ ಬದಲಿಸಿಕೊಂಡಿದ್ದಾರೆ. ಅವರು ಚಾಪೆಯ ಮೇಲೆ ಒಂದು ಕಾಲು ಮುಂದಿಟ್ಟು, ಮಂಡಿ ಬಗ್ಗಿಸಿ, ಚೆಂಡನ್ನು ನೆಲಕ್ಕೆ ಸದ್ದಾಗದ ಹಾಗೆ ಬಿಡುವುದನ್ನು ನಾನೇ ನಿಂತು ನೋಡಿದ್ದೇನೆ. ಬಗ್ಗಲು ಆಗದವರಿಗೆ ಉದ್ದ ಹಿಡಿಯ ಇಕ್ಕಳದಂಥ ಕೋಲೂ ಇದೆ. ಮಂಡಿ ನೋವು ಅಂತ ಯಾರೂ ಮನೆ ಹಿಡಿದು ಕೂರುವುದಿಲ್ಲ.

ಆ ಅಂಗಳದಲ್ಲಿ 1776ರಿಂದ ಒಂದು ಪಂದ್ಯ ನಡೆಯುತ್ತಿದೆ. ಗೆದ್ದವರಿಗೆ ಪದಕ, ಮೇಲೆ 'ಸರ್' ಅನ್ನುವ ಗೌರವ. ಒಮ್ಮೆ ಗೆದ್ದವರು ಮತ್ತೆ ಆಡುವ ಹಾಗಿಲ್ಲ. ಅವರು ಎತ್ತರದ ಟೋಪಿ, ಉದ್ದ ಕೋಟು ಹಾಕಿಕೊಂಡು ಬಂದು ಪಂದ್ಯ ನಡೆಸಿಕೊಡುತ್ತಾರೆ. ಹಿರಿಯರಿಗೆ ಕೆಲಸವೂ ಇದೆ, ಮರ್ಯಾದೆಯೂ ಇದೆ. ನನಗೆ ಬಹಳ ಇಷ್ಟವಾದದ್ದು ಇದೇ.

ಸುಮ್ನೆ ಬಂದದ್ದಲ್ಲ ಈ ಆಟ. 1541ರಲ್ಲಿ ಎಂಟನೇ ಹೆನ್ರಿ ಕೂಲಿಯವರು, ಕಸುಬಿನವರು ಕ್ರಿಸ್‌ಮಸ್ ಬಿಟ್ಟು ಬೇರೆ ದಿನ ಆಡಬಾರದು ಅಂತ ಕಾನೂನು ಮಾಡಿದ. ಕ್ರಿಸ್‌ಮಸ್‌ನಲ್ಲೂ ಯಜಮಾನನ ಮನೆಯಲ್ಲಿ, ಅವನ ಕಣ್ಣೆದುರಿಗೇ ಆಡಬೇಕು. ಜಮೀನ್ದಾರರಿಗೆ ಮಾತ್ರ ಪರವಾನಗಿ ಸಿಗುತ್ತಿತ್ತು. ಎಂಥ ಅನ್ಯಾಯ! ಅದನ್ನು ತೆಗೆದದ್ದು 1845ರಲ್ಲಿ. ಅದಕ್ಕೂ ಮುಂಚೆ, 1830ರಲ್ಲಿ, ಸ್ಟ್ರೌಡ್ ಹತ್ತಿರ ಥ್ರಪ್ ಅನ್ನುವ ಹಳ್ಳಿಯ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರ ಮಾಡಿದ್ದ, ಆಟದ ಅಂಗಳ ಸಮವಾಗಿಡಲು ಅನುಕೂಲವಾಯ್ತು. ಮಿಲ್ಲಿನಲ್ಲಿ ಉಣ್ಣೆ ಬಟ್ಟೆಯ ಎಳೆ ಸಮ ಮಾಡುವ ಯಂತ್ರ ನೋಡಿ ಹೊಳೆದದ್ದಂತೆ. ನಿಮ್ಮ ವೀಡ್ ಕಟರಿನ ಮುತ್ತಜ್ಜ ಅವನೇ ಅನ್ನಿ. ಗ್ಲಾಸ್ಗೋದ ವಕೀಲ ವಿಲಿಯಂ ಮಿಚೆಲ್ 1848-49ರಲ್ಲಿ ನಿಯಮಗಳನ್ನು ಬರೆದು ಒಂದು ಮಾಡಿದರು. ಆಮೇಲೆ ಹಳ್ಳಿಹಳ್ಳಿಗೂ ಕ್ಲಬ್ಬು. 1903ರಲ್ಲಿ ಇಂಗ್ಲಿಷ್ ಬೌಲಿಂಗ್ ಸಂಘ ಶುರುವಾದಾಗ ಮೊದಲ ಅಧ್ಯಕ್ಷರು ಯಾರು ಗೊತ್ತಾ? ಕ್ರಿಕೆಟ್ಟಿನ ಡಬ್ಲ್ಯೂ. ಜಿ. ಗ್ರೇಸ್!

ನಮ್ಮವರೂ ಕಡಿಮೆ ಇಲ್ಲ. 2022ರ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಲವ್ಲಿ ಚೌಬೆ, ಪಿಂಕಿ, ನಯನ್ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ದಕ್ಷಿಣ ಆಫ್ರಿಕಾವನ್ನು 17-10ರಲ್ಲಿ ಸೋಲಿಸಿ ಚಿನ್ನ ತಂದರು. ಆ ವಿಷಯ ಇಲ್ಲಿ ಹೇಳುವಾಗ ನನಗೆ ಎದೆ ಉಬ್ಬುತ್ತೆ.

ಈಗ ಮಂಡಿ. ನಾನು ಕೆಲಸ ಮಾಡುವುದೇ ಮೂಳೆ ವಾರ್ಡಿನಲ್ಲಿ. ಆಪರೇಷನ್ ಆದ ದಿನವೋ ಮರುದಿನವೋ ರೋಗಿಯನ್ನು ಎಬ್ಬಿಸಿ ನಡೆಸುತ್ತೇವೆ. ಹಾಕಿದ ಮಂಡಿ ಹತ್ತರಲ್ಲಿ ಎಂಟು ಜನರಿಗೆ 25 ವರ್ಷ ಬಾಳುತ್ತೆ. ಗಣಪಣ್ಣ ಆಪರೇಷನ್ ಆದ ಮೇಲೆ ವ್ಯಾಯಾಮ ಮಾಡಲಿಲ್ಲ, ಅದಕ್ಕೇ ಅವರ ಮಂಡಿ ಬಿಗಿಯಿತು. ಅವರ ಮಾತು ಕೇಳಬೇಡಿ. ಚೌತಿ ಮುಗಿಸಿ ಮಾಡಿಸಿಕೊಂಡರೆ ಕೊಯ್ಲಿನ ಹೊತ್ತಿಗೆ ಓಡಾಡುತ್ತೀರಿ.

ದುಡ್ಡಿನ ಮಾತು ಎತ್ತಬೇಡಿ. ಈ ವರ್ಷ ಅಡಿಕೆಗೆ ಕೊಳೆ ರೋಗ ಬಂದಿದೆ, ಅಡಿಕೆ ಮಾರಿದ ಮೇಲೆ ನೋಡೋಣ ಅಂದರೆ ಆಗಲ್ಲ. ನನ್ನ ನರ್ಸಿಂಗ್ ಫೀಸಿಗೆ ಮೇಲಿನ ತೋಟ ಅಡ ಇಟ್ಟವರು ನೀವು. ಈಗ ಮಗಳ ದುಡ್ಡು ಮುಟ್ಟಲ್ಲ ಅಂದರೆ ನಾನು ದುಡಿಯುವುದು ಯಾಕೆ? ಪೂರ್ತಿ ಹಣ ತೆಗೆದಿಟ್ಟಿದ್ದೇನೆ. ನನಗೆ ಒಂದಿಷ್ಟೂ ತೊಂದರೆ ಇಲ್ಲ.

ಅಮ್ಮಾ, ನಿಜಕ್ಕೂ ತೊಂದರೆ ಇಲ್ಲ. ಬಾಡಿಗೆ ಕಟ್ಟಿ ಆಗಿದೆ, ದಿನಾ ಅನ್ನ ಸಾರು ಮಾಡುತ್ತೇನೆ, ಚಳಿ ಇಲ್ಲ, ರಾತ್ರಿ ಪಾಳಿ ಈಗ ಕಡಿಮೆ, ನಿದ್ದೆ ಚೆನ್ನಾಗಿದೆ. ರಜ ಕೇಳಿದ್ದೇನೆ, ಆಪರೇಷನ್ನಿಗೆ ನಾನೇ ಬಂದು ನಿಲ್ಲುತ್ತೇನೆ. ಅಲ್ಲಿವರೆಗೆ ಸಂಕ ದಾಟಲು ಬಿಡಬೇಡ. ಮದ್ದು ಹೊಡೆಸುವುದನ್ನು ಶ್ರೀಪಾದ ನೋಡಿಕೊಳ್ಳಲಿ. ಸಕ್ಕರೆ ಟೆಸ್ಟ್ ಮಾಡಿಸಿ ರಿಪೋರ್ಟಿನ ಫೋಟೋ ಕಳಿಸು, ಎಕ್ಸ್‌ರೇದೂ ಕಳಿಸು.

ಡ್ಯೂಟಿಗೆ ಹೊತ್ತಾಯ್ತು, ಬಸ್ಸು ಹಿಡಿಯಬೇಕು. ಉಳಿದದ್ದು ಫೋನಿನಲ್ಲಿ.

ನಿನ್ನ
ಸುಮಾ

ಡಾಕ್ಟರು ಯಾವ ತಾರೀಕು ಕೊಟ್ಟರು ಅಂತ ಬುಧವಾರದೊಳಗೆ ಹೇಳು, ಟಿಕೆಟ್ ಮಾಡಿಸಬೇಕು.